ದೋಸಿಂದಳ ಬೂಟು

ಉಶಿಯಾ, ನಿನ್ನ ಸಿನಿಮಾ ನೋಡಿದೆವು.
ಗಲೀಸಿಯಾದ ಈ ಮೂಲೆಗೆ ಬರಲು ಅದಕ್ಕೆ ಒಂದು ವರ್ಷ ಬೇಕಾಯಿತು.
ಮೀನುಗಾರರ ಸಂಘದ ಹಾಲ್‌ನಲ್ಲಿ, ಮಡಚು ಕುರ್ಚಿಗಳ ಮೇಲೆ.
ಗೋಡೆಗೆ ಕಟ್ಟಿದ ಪರದೆ ನಡುನಡುವೆ ಉಸಿರಾಡುತ್ತಿತ್ತು,
ಯಾರೂ ಕಿಟಕಿ ಹಾಕಿರಲಿಲ್ಲ.
ನಿನ್ನಮ್ಮ ಮೂರನೇ ಸಾಲಿನಲ್ಲಿ,
ಸಾವಿನ ಮನೆಗೆ ಹೋಗುವಾಗ ತೊಡುವ ಕಪ್ಪು ಕೋಟಿನಲ್ಲಿ.
ಅತ್ತ ನಾನು, ಇತ್ತ ಮರೂಷಾ.
ನಾಲ್ಕನೇ ಕುರ್ಚಿಯ ಮೇಲೆ ಕೊಡೆಗಳನ್ನಿಟ್ಟೆವು.
ಖಾಲಿ ಬಿಟ್ಟರೆ ಯಾರಾದರೂ ಬಂದು ಕೂರುತ್ತಾರೆ.

ಮೊದಲು ನನ್ನ ತಕರಾರು ಕೇಳು.
ನಾವು ಮೂವರನ್ನು ನೀನು ಒಬ್ಬಳು ಮಾಡಿದ್ದೀಯ.
ನನ್ನ ಕೆಂಚು ಕೂದಲು, ಮರೂಷಾಳ ಕೆಮ್ಮು,
ದೋಸಿಂದ ನಗುವಾಗ ಸೊಂಟ ಹಿಡಿದುಕೊಳ್ಳುತ್ತಿದ್ದುದು,
ಎಲ್ಲ ಸೇರಿಸಿ ಒಂದೇ ಗೆಳತಿ;
ಅವಳ ಹೆಸರೂ ನಮ್ಮದಲ್ಲ.
ದುಡ್ಡು ಸಾಲದು ಎಂದಿರಬೇಕು ಯಾರೋ,
ಇಲ್ಲವೆ, ಇಷ್ಟೊಂದು ಮುದುಕಿಯರಾದರೆ ಜನಕ್ಕೆ ಗೊಂದಲವೆಂದು.
ಇರಲಿ. ಆದರೆ ಒಬ್ಬಳ ಕೈಲಿ
ನಿನ್ನಮ್ಮನನ್ನು ಹಿಡಿಯಲಾಗುತ್ತಿರಲಿಲ್ಲ.
ಅದಕ್ಕೇ ಮೂವರಿದ್ದೆವು.

ನಲವತ್ತೊಂದು ವರ್ಷ ಒಂದೇ ಮರಳದಿಣ್ಣೆ.
ಕಡಲು ಹಿಂದೆ ಸರಿದಷ್ಟು ಹೊತ್ತು ನಮ್ಮದು,
ನಡು ಬಗ್ಗಿಸಿ ಹಲುಬೆಯಿಂದ ಕೆರೆದು ಚಿಪ್ಪಿ ಆರಿಸುವುದು.
ನಮಗೆ ಒಬ್ಬರಿಗೊಬ್ಬರ ಮುಖಕ್ಕಿಂತ ಬೆನ್ನು ಹೆಚ್ಚು ಗೊತ್ತು.
ಬೆನ್ನು ನೋಡಿ ಹೇಳುತ್ತಿದ್ದೆ ನಾನು:
ಯಾರ ಗಂಡ ನಿನ್ನೆ ಕುಡಿದು ಬಂದ,
ಯಾರಿಗೆ ಮುಟ್ಟು ನಿಂತಿದೆ,
ಯಾರು ಮಗಳಿಗೆ ಹೊಡೆದು ಬಂದಿದ್ದಾಳೆ.

ಹೊಡೆದಳು. ಇಲ್ಲವೆನ್ನಲು ಬರೆಯುತ್ತಿಲ್ಲ.
ಕ್ಯಾಮೆರಾ ಕಿತ್ತು ಧಕ್ಕೆಯಿಂದ ಎಸೆದಳು, ನಿಜ.
ಆ ನಟಿಗಿಂತ ದೂರ ಎಸೆದಳು, ತೋಳಲ್ಲಿ ಬಲವಿತ್ತು.
ನಿನಗೆ ಹದಿನೈದು. ನೀನು ಅಳಲಿಲ್ಲ,
ನೋಡುತ್ತ ನಿಂತೆ. ಆಗಲೇ ನನಗನ್ನಿಸಿತು,
ಇದನ್ನು ಇವಳು ಎಲ್ಲೋ ಕೂಡಿಡುತ್ತಿದ್ದಾಳೆ.

ನಿನ್ನ ಸಿನಿಮಾ ಅಲ್ಲಿ ಕಪ್ಪಾಗುತ್ತದೆ.
ಮುಂದೆ ಬಸ್ಸು, ನಿನ್ನ ಪೆಟ್ಟಿಗೆ, ಮ್ಯಾಡ್ರಿಡ್.
ನಡುವೆ ಮೂರು ಇಳಿತಗಳಿದ್ದವು.

ಮೊದಲನೆಯದಕ್ಕೆ ಅವಳೊಬ್ಬಳೇ ಹೋದಳು, ಕತ್ತಲಲ್ಲಿ.
ಎರಡನೆಯದಕ್ಕೆ ನಾವೂ, ಏನೂ ಕೇಳದೆ.
ಮೂರನೆಯದರಲ್ಲಿ ದೋಸಿಂದಳ ಹಲುಬೆ ಟಣ್ಣೆಂದಿತು.
ಹೊಟ್ಟೆ ತುಂಬ ಮರಳು, ಒಂದು ಏಡಿಮರಿ ಸಮೇತ.
ಸಬೇಲಾ ಅದನ್ನು ಸಿಹಿನೀರಲ್ಲಿ ತೊಳೆದಳು,
ನೀನು ಹುಟ್ಟಿದ ದಿನ ನಿನ್ನನ್ನು ತೊಳೆದ ಹಾಗೆ
ಎಂದು ಬರೆದರೆ ನಿನಗೆ ಇಷ್ಟವಾದೀತು. ಹಾಗಲ್ಲ:
ಬಾಯಿಗೆ ಬಂದಂತೆ ಬೈಯುತ್ತ ತೊಳೆದಳು.
ಅಕ್ಕಿ ತೇವ ಹೀರುತ್ತದೆಂದು ಮರೂಷಾ ಹೇಳಿದ್ದಕ್ಕೆ
ಡಬ್ಬಿಯ ಅಕ್ಕಿಯೊಳಗೆ ಹೂತಿಟ್ಟಳು.
ಅದು ಮತ್ತೆ ಕಣ್ಣು ಬಿಡಲೇ ಇಲ್ಲ.
ಕೊಟ್ಟುಬರುತ್ತೇನೆಂದು ಎರಡು ಸಲ ಹೊರಟಳು;
ಕೆಟ್ಟದ್ದನ್ನು ಹೇಗೆ ಕೊಡುವುದೆಂದು
ಬಸ್ ನಿಲ್ದಾಣದಿಂದ ವಾಪಸಾದಳು, ಎರಡು ಸಲವೂ.
ಡಬ್ಬಿ ಇನ್ನೂ ಇದೆ.

ಹೇಳಬಾರದೆಂದು ಆಣೆ ಹಾಕಿಸಿದ್ದಳು. ಮುರಿದೆ.
ಎಪ್ಪತ್ತೆರಡಾಯಿತು, ಇನ್ನು ಯಾವ ಪಾಪ ತಟ್ಟೀತು.
ಒಬ್ದೂಲಿಯಾ ಬಾಯಿಬಿಟ್ಟಳೆಂದು ಮಾತ್ರ ಅನ್ನಬೇಡ.

ಸಿನಿಮಾ ಮುಗಿದಾಗ ಊರೆಲ್ಲ ಅವಳತ್ತ ತಿರುಗಿತು.
ಅವಳು ಕೋಟಿನ ಗುಂಡಿ ಹಾಕಿಕೊಳ್ಳುತ್ತ
ಒಂದೇ ಮಾತು ಅಂದಳು:
"ಹಲುಬೆ ಹಿಡಿಯುವುದು ಹಾಗಲ್ಲ."
ದಾರಿಯುದ್ದಕ್ಕೂ ಅದೇ. ಕೊಡೆ ಹಿಡಿದು ತೋರಿಸಿದಳು,
ಹೆಬ್ಬೆರಳು ಮೇಲೆ, ಮೊಣಕೈ ಮೈಗೊತ್ತಿ.
ಮನೆ ಮುಂದೆ ಬೀಗ ತೆಗೆಯಲು
ತುಂಬಾ ಹೊತ್ತು ಮಾಡಿದಳು, ನಮಗೆ ಬೆನ್ನು ಹಾಕಿ.
ಮರೂಷಾ ಸುಮ್ಮಸುಮ್ಮನೆ ಕೆಮ್ಮಿದಳು.

ಗುರುವಾರ ಬೆಳಿಗ್ಗೆ ಐದೂ ನಲವತ್ತಕ್ಕೆ ಇಳಿತ.
ಫೋನು ಮಾಡಬೇಡ, ಎತ್ತುವುದಿಲ್ಲ.
ಕ್ಷಮೆ ಗಿಮೆ ಅಂತ ಶುರುಮಾಡಬೇಡ,
ಕೇಳುವುದೂ ಬೇಡ, ಕೊಡುವುದೂ ಬೇಡ.
ಸುಮ್ಮನೆ ಬಂದು ಸಾಲಿನಲ್ಲಿ ನಿಂತು ಬಗ್ಗು.
ಹಲುಬೆ ತಪ್ಪಾಗಿ ಹಿಡಿ.
ಅವಳಿಗೆ ತಡೆಯಲಾಗುವುದಿಲ್ಲ.

ದೋಸಿಂದಳ ಬೂಟುಗಳು ನನ್ನ ಮನೆಯಲ್ಲಿವೆ.
ಬಲಗಾಲಿನದು ಸರಿಯಾದೀತು.
ಎಡಗಾಲಿನದಕ್ಕೆ ಹಳೇ ಪೇಪರು ತುರುಕಿಕೋ,
ಅವಳ ಒಂದು ಪಾದ ದೊಡ್ಡದಿತ್ತು.
ನಾವು ನಾಲ್ವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.