ಬಿಲ್ಲಿನ ಹಿಂದ

ಕರೆಂಟ್ ಬಿಲ್ಲಿನ ಹಿಂದ ಗೆರಿ ಎಳದೆ:
ಇಲ್ಲಿ ಮೆಂತೆ, ಅಲ್ಲಿ ಮುಳಗಾಯಿ,
ಗ್ವಾಡಿಗುಂಟ ಹೀರಿ.
ನಳ ಬರೂದು ಎಂಟು ದಿನಕ್ಕೊಮ್ಮೆ,
ಅಕ್ಕಿ ತೊಳದ ನೀರು ಯಾವ ಮಡಿಗೆ
ಅಂತನೂ ಬರದೆ.

ಬೆಟಗೇರಿಯ ಎರಿಮಣ್ಣು ಬಿಲ್ಲು ಓದಲಿಲ್ಲ.
ಮೆಂತೆ ಗುಬ್ಬಿ ಪಾಲಾತು.
ಮುಳಗಾಯಿ ಎರಡೇ ಎರಡು,
ಒಂದರಾಗ ಹುಳ.
ಹೀರಿಬಳ್ಳಿ ನನ್ನ ಕಡೆ ಬರೇ ಹೂವು ಬಿಟ್ಟು
ಗ್ವಾಡಿ ಜಿಗದು
ಹಸೀನಾಬಿ ಹಿತ್ತಲದಾಗ ಕಾಯಿ ಹಿಡೀತು.

ನಿನ್ನೆ ಆಕಿ ಗ್ವಾಡಿ ಮ್ಯಾಲಿಂದ ಡಬ್ಬಿ ಚಾಚಿದಳು,
ಹೀರಿಕಾಯಿ ಪಲ್ಯ, ಗುರೆಳ್ಳಪುಡಿ ಹಾಕಿದ್ದು.
"ನಿಮ್ಮದಽ ಐತಿ, ಉಪ್ಪಷ್ಟ ನಂದು."

ತೊಳದ ಡಬ್ಬಿ ಖಾಲಿ ಕೊಡಬಾರದಲ್ಲ,
ಹಿತ್ತಲ ತುಂಬ ಹುಡುಕಿದೆ.
ಬಚ್ಚಲ ನೀರು ಹರಿಯೂ ಸಂದಿಯೊಳಗ
ಯಾರೂ ಊರದ ಪುಂಡಿಗಿಡ,
ಮೊಣಕಾಲುದ್ದ,
ಕೆಂಪು ದಂಟು.

ಎಲಿ ಬಿಡಿಸಿಕೋತ ನಿಂತೆ.
ಬಿಲ್ಲು ಕಟ್ಟೂದು ನಾಳೆನಽ ಕಡೀ ದಿನ.