ಇನ್ನೂರು ಪದ ಮೀರದಂತೆ

ರಾತ್ರಿ ಹನ್ನೆರಡಕ್ಕೆ ಗಡುವು.
ಥಂಡರ್ ಬೇಯಲ್ಲಿ ಸೊನ್ನೆಗಿಂತ ಮೂವತ್ತೊಂದು ಕೆಳಗೆ,
ಆಂಬುಲೆನ್ಸ್ ಠಾಣೆಯ ಹಿಂದಿನ ಕೋಣೆ,
ಹೀಟರಿಗೆ ಕೆಮ್ಮು.
ಅನುದಾನದ ಅರ್ಜಿ ತುಂಬುತ್ತಿದ್ದೇನೆ.

ಕಲಂ ಒಂದು, ಹುದ್ದೆಯ ಹೆಸರು.
ಪಾದ್ರಿ ಎಂದರೆ ಧರ್ಮಕ್ಕೆ ನಮ್ಮಲ್ಲಿ ದುಡ್ಡಿಲ್ಲ ಅನ್ನುತ್ತಾರೆ,
ಆಪ್ತಸಲಹೆಗಾರ್ತಿ ಎಂದರೆ ಪ್ರಮಾಣಪತ್ರ ಎಲ್ಲಿ ಅನ್ನುತ್ತಾರೆ.
ಚಾಪ್ಲೇನ್ ಎಂದೇ ಬರೆದಿದ್ದೆ ಹೋದ ವರ್ಷ;
ಬಂದ ಉತ್ತರದಲ್ಲಿ 'ಶ್ಲಾಘನೀಯ' ಎಂಬ ಪದವಿತ್ತು,
ಅದರ ಬೆನ್ನಿಗೇ 'ಆದರೆ'.
ಠಾಣೆಯವರು ಕರೆಯುವುದು ಬರೀ ತೈಮಿ ಎಂದು.

ಕಲಂ ಎರಡು, ಕೆಲಸದ ವಿವರ, ಇನ್ನೂರು ಪದ ಮೀರದಂತೆ.
ತೈಮಿ ಲೆಹ್ತೊ, ಅರವತ್ತಮೂರು, ಲೂಥರನ್,
ಫಿನ್‌ಲೆಂಡಿನ ಅಜ್ಜಿಯ ಕಾಫಿ ಡಬ್ಬಿ, ಎಡಮಂಡಿ ನೋವು.
ವಾರಕ್ಕೆ ಹನ್ನೆರಡು ಗಂಟೆ ಸಂಬಳಕ್ಕೆ,
ಮೂವತ್ತು ಗಂಟೆ ಕೊಸರು.
ಹೆದ್ದಾರಿಯಲ್ಲಿ ದಿಮ್ಮಿಯ ಲಾರಿ ಮಗುಚಿದ ರಾತ್ರಿ
ಲೋರ್ನ್ ಬೂಟು ಬಿಚ್ಚದೆ ಗ್ಯಾರೇಜಿನಲ್ಲಿ ನಿಂತೇ ಇದ್ದ.
ದೇವರು ಅನ್ನಲಿಲ್ಲ ಅವಳು.
ಬಕೆಟ್ಟಿನಲ್ಲಿ ಬಿಸಿನೀರು ಹಿಡಿದು ತಂದು
ಗಾಡಿಯ ಹಿಂಬದಿಯ ನೆಲ ಒರೆಸತೊಡಗಿದಳು.
ಎರಡನೇ ಬಕೆಟ್ಟಿಗೆ ಅವನೂ ಕೂತ.
ಮೂರನೆಯದಕ್ಕೆ,
ಆ ಹುಡುಗಿಯ ಕೈಗವಸು ಹಳದಿ ಇತ್ತು, ಎಂದ.
ಹೂಂ, ಎಂದಳು.
ಇದು ಎಷ್ಟು ಪದ?

ಕಲಂ ಐದು, ಅಳೆಯಬಹುದಾದ ಫಲಿತಾಂಶ.
ಕಪ್ಪೆ ತೂಗುವ ಕೆಲಸ.
ಕೆಲಸ ಬಿಡದೆ ಉಳಿದವರು ಶೇಕಡಾ ಎಷ್ಟು?
ರಾಜೀನಾಮೆ ಬರೆದು ಜೇಬಲ್ಲೇ ಮರೆತು
ಬಟ್ಟೆಯ ಜೊತೆ ಯಂತ್ರಕ್ಕೆ ಹಾಕಿ
ಮುದ್ದೆಯಾದ ಕಾಗದ ನೋಡಿ ನಕ್ಕಳಲ್ಲ ನರ್ಸ್ ಮರಿವಿಕ್,
ಅವಳು ಯಾವ ಸಾಲಿಗೆ?
ಎಷ್ಟೋ ತಿಂಗಳ ಮೇಲೆ
ಸಾರಿಗೆ ಉಪ್ಪು ಕಮ್ಮಿ ಎಂದು ಹೆಂಡತಿಗೆ ಹೇಳಿದವನು?

ಬೆಂಬಲ ಪತ್ರ ಮೂರು ಲಗತ್ತಿಸಿ.
ಲೋರ್ನ್ ಕೊಟ್ಟದ್ದು ಒಂದೇ ಸಾಲು, ಗ್ರೀಸಿನ ಹೆಬ್ಬೆಟ್ಟಿನೊಂದಿಗೆ:
'ಅವಳನ್ನು ಕಳಿಸಬೇಡಿ.'

ಬಜೆಟ್ಟು ಸುಲಭ.
ಚಳಿಗಾಲದ ಟಯರು ನಾಲ್ಕು, ಪೆಟ್ರೋಲು, ಫೋನಿನ ಬಿಲ್ಲು.
ಕಾಫಿಪುಡಿ ಎಂದು ಬರೆದು, ಅಳಿಸಿ,
'ಸಭೆಯ ಖರ್ಚು' ಎಂದು ತಿದ್ದಿದೆ.

ಕಲಂ ಹದಿಮೂರು ಈ ವರ್ಷ ಹೊಸದು.
ಅರ್ಜಿ ಬರೆಯುತ್ತಿರುವವರು ಈ ಸೇವೆಯ ಫಲಾನುಭವಿಯೆ?
ಹೌದು, ಇಲ್ಲ. ಎರಡು ಚೌಕ.

ಮೊದಲು ನಾನು ಕರೆ ಸ್ವೀಕರಿಸುವ ಮೇಜಿನಲ್ಲಿದ್ದೆ.
ನವೆಂಬರ್. ಸರೋವರ ಇನ್ನೂ ಸರಿಯಾಗಿ ಹೆಪ್ಪುಗಟ್ಟಿರಲಿಲ್ಲ.
ಒಬ್ಬ ಗಂಡಸು, ಒಡೆದ ಹಿಮದಂಚಿಗೆ ಮೊಣಕೈಯೂರಿ,
ನೆಂಟರಿಗೆ ಮನೆಯ ದಾರಿ ಹೇಳುವವನ ತಾಳ್ಮೆಯಲ್ಲಿ
ತಾನು ಎಲ್ಲಿ ಮುಳುಗುತ್ತಿದ್ದೇನೆಂದು ಹೇಳಿದ.
ಹನ್ನೊಂದು ನಿಮಿಷ.
ಆಮೇಲೆ ಹಿಮದ ಮೇಲೆ ಫೋನು ಮಾತ್ರ ಇತ್ತು, ಗಾಳಿ ಇತ್ತು,
ನಾನು ಇನ್ನೂ 'ಸರ್, ಸರ್' ಎನ್ನುತ್ತಿದ್ದೆ.

ಅಂದಿನಿಂದ ಫೋನು ಬಡಿದುಕೊಂಡರೆ ಕೈ ಏಳದು.
ತೈಮಿ ದಿನಾ ಸಂಜೆ ಆರಕ್ಕೆ ಕರೆ ಮಾಡುತ್ತಿದ್ದಳು.
ನಾಲ್ಕು ರಿಂಗಿಗೆ ಇಡುತ್ತಿದ್ದಳು.
ಸಂದೇಶ ಬಿಡುತ್ತಿರಲಿಲ್ಲ, ಬಾಗಿಲು ತಟ್ಟುತ್ತಿರಲಿಲ್ಲ.
ಮೂವತ್ತಮೂರು ಸಂಜೆ ಹೀಗೆ.
ಐದು ಮುಕ್ಕಾಲಿಗೇ ನಾನು ಗಡಿಯಾರ ನೋಡತೊಡಗಿದ್ದು
ಯಾವಾಗಿನಿಂದಲೋ ತಿಳಿಯದು.
ಒಂದು ದಿನ ಎತ್ತಿದೆ.
'ನಿಮ್ಮ ಕಡೆ ಹಿಮ ಬೀಳ್ತಾ ಇದೆಯಾ?' ಎಂದಳು.
ಎರಡು ಬೀದಿ ಆಚೆಗೆ ಅವಳ ಮನೆ.

ಹನ್ನೊಂದು ಐವತ್ತನಾಲ್ಕು.
ಹೌದು ಎಂದರೆ ಅರ್ಜಿ ಬಿದ್ದುಹೋಗಲೂಬಹುದು.
ಹೌದು ಒತ್ತಿದೆ.
ಇನ್ನೊಂದು ಪೆಟ್ಟಿಗೆ ಬಾಯಿ ತೆರೆಯಿತು:
ವಿವರಿಸಿ, ಐವತ್ತು ಪದ.

ಆರಕ್ಕೆ ಫೋನು ಮಾಡುತ್ತಾಳೆ, ಎಂದು ಬರೆದೆ.
ಮಿಕ್ಕ ನಲವತ್ತೇಳು ಹಾಗೇ ಬಿಟ್ಟೆ.

ತೆರೆಯ ಮೇಲೆ ಸಣ್ಣ ಚಕ್ರ ಸುತ್ತುತ್ತಲೇ ಇದೆ.
ಗಾಡಿಯೊಂದು ಹಿಂತಿರುಗಿತು, ಸೈರನ್ನಿಲ್ಲದೆ.
ಗ್ಯಾರೇಜಿನಲ್ಲಿ ಯಾರೋ ನಲ್ಲಿ ಬಿಟ್ಟ ಸದ್ದು,
ಖಾಲಿ ಬಕೆಟ್ಟಿನ ತಳಕ್ಕೆ ನೀರು.