ಎರಡು ಬೆರಳು

ಪರೀಕ್ಷೆ ಮುಗಿದ ಮರುದಿನ ಬೆಟಗೇರಿಯ ಸಾಲಿಯ ವರಾಂಡದಲ್ಲಿ
ನೂರಾ ಹದಿನೆಂಟು ಹುಡುಗರು ಸಾಲಾಗಿ ನಿಂತಿದ್ದೆವು.
ಅಪ್ಪ ಕೊರಳಿನ ಟೇಪು ತೆಗೆದು ಒಬ್ಬೊಬ್ಬರ ಎದೆ ಸುತ್ತಿ ಕೂಗುವುದು,
ಸಾಲು ಬಿಟ್ಟು ಬಂದ ನಾನು ಪಕ್ಕದಲ್ಲಿ ಕೂತು ಬರೆಯುವುದು.
ಇಪ್ಪತ್ತೇಳೂವರೆ. ಇಪ್ಪತ್ತೊಂಬತ್ತು. ಇಪ್ಪತ್ತಾರೂಕಾಲು.
ಮೂವತ್ತೊಂದು. ಕೈ ಕೆಳಗ ಬಿಡೋ ತಮ್ಮಾ. ಇಪ್ಪತ್ತೆಂಟು.

ಸಂಜೆ ಹೊತ್ತಿಗೆ ನೋಟ್‌ಬುಕ್ಕು ಕೆದರಿದ ಇರುವೆಗೂಡು.
ಯಾರಿಗೆ ಯಾರೂ ಏನೂ ಆಗದವರಂತೆ ಅಂಕಿಗಳ ಓಡಾಟ.
ಅಪ್ಪ ಚಾ ಕುಡಿದು ಬಸಿ ಸರಿಸಿದ,
ಅರಿವೆ ಕತ್ತರಿಸುವ ಹಲಗೆಯ ಮೇಲೆ
ಸೀಮೆಸುಣ್ಣದಿಂದ ಎಂಟು ಮನೆ ಬರೆದ:
ಇಪ್ಪತ್ತೆರಡರಿಂದ ಇಪ್ಪತ್ನಾಲ್ಕು, ಅಲ್ಲಿಂದ ಇಪ್ಪತ್ತಾರು,
ಎರಡೆರಡು ಇಂಚಿನ ಹೆಜ್ಜೆಯಲ್ಲಿ ಮೂವತ್ತೆಂಟರ ತನಕ.
‘ನೂರಾ ಹದಿನೆಂಟು ನಮೂನಿ ಕತ್ತರಸಾಕ
ನನಗೇನು ಹುಚ್ಚು ಹಿಡದೈತೇನು? ಓದು, ಗೆರಿ ಎಳೀತೀನಿ.’

ನಾಲ್ಕು ಗೆರೆ ನಿಂತ ಕೂಡಲೇ
ಐದನೆಯದನ್ನು ಓರೆಯಾಗಿ ಹಾಯಿಸಿ ಕಟ್ಟುತ್ತಿದ್ದ,
ಟಾಕಿ ಹಾಕಿ ದಾರ ಕಡಿದ ಹಾಗೆ.
ನೇರ ಇಪ್ಪತ್ತೆಂಟೇ ಬಂದರೆ ಯಾವ ಮನೆ, ಹಿಂದಿನದೋ ಮುಂದಿನದೋ?
‘ಮುಂದಿಂದ. ದೊಡ್ಡದಾದ್ರ ಹಿಡಿಯಾಕ ಬರತೈತಿ,
ಸಣ್ಣದಾದ್ರ ಬಿಡಾಕ ಅರಿವಿ ಎಲ್ಲಿಂದ ತರೂಣು?’
ಆಮೇಲೆ ಪುಸ್ತಕದಲ್ಲೂ ಅದೇ ನಿಯಮ ಸಿಕ್ಕಿತು.
ಕಾರಣ ಬರೆದಿರಲಿಲ್ಲ.

ಜೂನಿನ ಮೊದಲ ವಾರ, ಇಸ್ತ್ರಿಯ ಬಿಸಿ ಆರದ ನೀಲಿ ಅಂಗಿಗಳು
ಗೋಡೆಯುದ್ದದ ಹಲಗೆ ಏರಿದವು. ಅಳತೆಗೊಂದು ಒಟ್ಟಲು,
ಒಂದಕ್ಕೊಂದು ಮೈ ತಾಗಿಸಿ:
ಮೂರು,
ಹದಿನಾಲ್ಕು,
ಮೂವತ್ತೊಂದು,
ನಲವತ್ತೆರಡು, ಮೇಲಿನ ತೊಲೆಗೆ ಇನ್ನೇನು ತಲೆ ಬಡಿಯುವಂತೆ,
ಇಪ್ಪತ್ತು,
ಏಳು.
ಆಮೇಲೆ ಖಾಲಿ. ಅಲ್ಲಿ ಅಪ್ಪನ ಬುತ್ತಿ ಡಬ್ಬಿ.
ಡಬ್ಬಿಯ ಆಚೆ ಒಂದೇ ಒಂದು ಅಂಗಿ.

ಒಂಬತ್ತನೇತ್ತೆಯಲ್ಲಿ ಹಡಗಲಿ ಟೀಚರ್ ಬೋರ್ಡಿನ ಮೇಲೆ
ಕಂಬಕ್ಕೆ ಕಂಬ ಒತ್ತಿ ನಿಲ್ಲಿಸಿ ‘ಸ್ತಂಭಾಲೇಖ’ ಅಂದಾಗ
ನಗು ತಡೆಯಲಾಗಲಿಲ್ಲ. ಅದು ನಮ್ಮ ಅಂಗಡಿಯ ಹಲಗೆ.
‘ನಡುವ ಸಂದು ಬಿಡಬ್ಯಾಡ್ರಿ, ಅಳತಿ ಎಲ್ಲೂ ಹರಿಯಂಗಿಲ್ಲ.
ಯಾರೂ ಇಲ್ಲದ ವರ್ಗಾಂತರಾನೂ ತೋರಸ್ರಿ,
ಸೊನ್ನಿಗೂ ಒಂದು ಜಾಗಾ ಐತಿ.’
ನಾನು ಆ ಜಾಗದಲ್ಲಿ ಬುತ್ತಿ ಡಬ್ಬಿ ಬರೆದೆ. ಬೈಸಿಕೊಂಡೆ.

ಟೀಚರಿಗೆ ಹೇಳದೆ ಉಳಿದದ್ದು ಬೇರೆ.
ಟೇಪು ಸುತ್ತುವಾಗ ಅಪ್ಪ ಪ್ರತಿ ಎದೆಗೂ
ತನ್ನ ಎರಡು ಬೆರಳು ಒಳಗಿಟ್ಟೇ ಬಿಗಿಯುತ್ತಿದ್ದ.
ಈ ಮಾರ್ಚಿನ ಹುಡುಗನಿಗೆ
ಮುಂದಿನ ಮಾರ್ಚಿನ ತನಕ ಉಸಿರಾಡಲು ಜಾಗ.
ಹಮಾಲರ ಓಣಿಯ ದಾವಲ್, ಎಂಟನೇತ್ತೆ, ಪಕ್ಕೆಲುಬು ಎಣಿಸಬಹುದು,
ಅವನಿಗೆ ಬೆರಳು ನಾಲ್ಕು.
‘ಇಪ್ಪತ್ಮೂರು’ ಅಂದ, ನನ್ನ ಕಡೆ ನೋಡದೆ.
ನಾನು ಬರೆದೆ.
ಹೀಗಾಗಿ ಹಲಗೆಯ ಮೇಲಿದ್ದವರು ಆ ವರ್ಷದ ನಾವಲ್ಲ;
ಉಂಡು ಬೆಳೆದು ಹೀಗಾದಾರು ಎಂದು
ಒಬ್ಬ ಸಿಂಪಿಗ ಲೆಕ್ಕ ಹಿಡಿದಿದ್ದ ಹುಡುಗರು.
ಇಡೀ ಗುಡ್ಡ ನಿಜಕ್ಕಿಂತ ಎರಡು ಬೆರಳು
ಬಲಕ್ಕೆ ಸರಿದು ನಿಂತಿತ್ತು.

ಕಡೆಗೆ ಉಳಿದವನು ನಾನು. ಸಾಲಿನಲ್ಲಿ ನನ್ನ ಹೆಸರು ‘ಗೋದಾಮು’.
ಹುಡುಗರು ಮನೆಗೆ ಹೋಗದೆ ಕಂಬ ಹಿಡಿದು ಕಾಯುತ್ತಿದ್ದರು,
ಅಂಕಿ ಕೇಳಲಿಕ್ಕೆ.
ನೂರಾ ಹದಿನೇಳು ಸಲ ಗಟ್ಟಿಯಾಗಿ ಕೂಗಿದವನು
ನನ್ನ ಕೈಯಿಂದ ಪೆನ್ಸಿಲ್ಲು ತೆಗೆದುಕೊಂಡ,
ಮೂವತ್ತೇಳು ಎಂದು ತಾನೇ ಬರೆದು ನೋಟ್‌ಬುಕ್ಕು ಮುಚ್ಚಿದ.
ಬೆರಳು ಇಟ್ಟಿದ್ದನೋ ಇಲ್ಲವೋ, ನೆನಪಿಲ್ಲ.

ಡಬ್ಬಿಯನ್ನು ದಿನಾ ಅಲ್ಲೇ ಇಡುತ್ತಿದ್ದುದು
ಆ ಒಂಟಿ ಅಂಗಿ ಅಷ್ಟು ದೂರ ಕಾಣದಿರಲಿ ಅಂತಲೇ ಇದ್ದೀತು.
ಅಥವಾ ಮಷೀನಿನ ಮುಂದೆ ಕೂತಲ್ಲಿಂದ
ಅಲ್ಲಿಗಷ್ಟೇ ಅವನ ಕೈ ಎಟುಕುತ್ತಿತ್ತು.